ಹದಿನೇಳನೇ ನಂಬರಿನ ಅಂಗಿ

ಬೆಳಗಿನ ಐದೂವರೆ, ಹನ್ನೊಂದೂವರೆ, ಸಂಜೆ ಐದೂವರೆ. ಜೂನಿಯಸ್‌ಗೆ ಹಸಿವಾಗುವುದು ದಿನಕ್ಕೆ ಈ ಮೂರೇ ಹೊತ್ತು. ಮೂವತ್ತೇಳು ವರ್ಷ ಮಿಸಿಸಿಪ್ಪಿ ನದಿಯ ಸರಕು ದೋಣಿಗಳಲ್ಲಿ ದುಡಿದವನು ಅವನು. ಇಪ್ಪತ್ತೆಂಟು ದಿನ ನೀರಿನ ಮೇಲೆ, ಹದಿನಾಲ್ಕು ದಿನ ನೆಲದ ಮೇಲೆ. ಆರು ಗಂಟೆ ಪಾಳಿ, ಆರು ಗಂಟೆ ನಿದ್ದೆ. ಮದುವೆ ಮಾಡಿಕೊಳ್ಳುವುದಕ್ಕೆ ಅದರಲ್ಲಿ ಬಿಡುವೆಲ್ಲಿ? ಜುಲೈನಲ್ಲಿ ಕೆಲಸ ಬಿಟ್ಟು ಬಂದು ತಂಗಿ ವರ್ಲೀನಳ ಮನೆಯ ಹಿಂದಿನ ಕೋಣೆಯಲ್ಲಿ ಚೀಲ ಇಳಿಸಿದ. ಸೆಪ್ಟೆಂಬರ್ ಬಂದರೂ ಆ ಚೀಲವನ್ನು ಪೂರ್ತಿ ಬಿಚ್ಚಿರಲಿಲ್ಲ.

ವರ್ಲೀನಳ ಗಂಡ ಹಾಲಿಸ್‌ಗೆ ಇದೆಲ್ಲ ಸೇರುತ್ತಿರಲಿಲ್ಲ. ಸೇರುತ್ತಿರಲಿಲ್ಲ ಅನ್ನುವುದಕ್ಕಿಂತ, ಸೇರದೆ ಇರುವುದಕ್ಕೆ ಕಾರಣ ಹುಡುಕುತ್ತಿದ್ದ ಅನ್ನಬೇಕು. ಊರಾಚೆಯ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಅವನು ಮೇಸ್ತ್ರಿ. ಹತ್ತಿ ಬಿಡಿಸುವ ಕಾಲ ಬಂದರೆ ವಾರಕ್ಕೆ ಆರು ದಿನ, ದಿನಕ್ಕೆ ಹನ್ನೆರಡು ಗಂಟೆ ಕೆಲಸ. ಮೂಗಿನೊಳಗೂ ಹತ್ತಿಯ ಧೂಳು ತುಂಬಿಕೊಂಡು ಮನೆಗೆ ಬಂದರೆ, ಜೂನಿಯಸ್ ಅಷ್ಟು ಹೊತ್ತಿಗೆ ಉಂಡು, ತಟ್ಟೆ ತೊಳೆದು, ಒರೆಸಿ, ಕಪಾಟಿನಲ್ಲಿಟ್ಟು, ಹಿಂದಿನ ಮೆಟ್ಟಿಲ ಮೇಲೆ ಕೂತಿರುತ್ತಿದ್ದ.

"ಇದೇನು ಮನೆನಾ ದೋಣಿನಾ?" ಹಾಲಿಸ್ ಒಂದು ಸಂಜೆ ಹೆಂಡತಿಯನ್ನು ಕೇಳಿದ. "ಮನೆ ಯಜಮಾನ ಬರೋವರೆಗೂ ಕಾಯೋಕಾಗಲ್ವಾ ಅವನಿಗೆ?"

"ಹೊಟ್ಟೆ ಅವನದು. ನಿನಗೆ ಬಿಸಿ ಮಾಡಿ ಕೊಡ್ತಿದ್ದೀನಲ್ಲ."

"ಬೆಳಗ್ಗೆ ನಾಲ್ಕೂವರೆಗೆ ಎದ್ದು ಬಾಣಲೆ ಕುಟ್ತಾನೆ."

"ಕುಟ್ಟಲ್ಲ. ಬೆಕ್ಕಿನ ಹಾಗೆ ಓಡಾಡ್ತಾನೆ. ನೀನೇ ಎದ್ದು ಕೂತು ಕಿವಿ ಕೊಟ್ಕೊಂಡಿರ್ತೀಯ."

"ಪಟ್ಟಣದಲ್ಲಿ ಒಂದೇ ಕೋಣೆಯ ಮನೆಗಳು ಬಾಡಿಗೆಗಿವೆಯಂತೆ. ವಯಸ್ಸಾದವರಿಗೆ ಅಂತಲೇ ಕಟ್ಟಿದ್ದಾರೆ."

ವರ್ಲೀನ್ ಸೌಟು ಕೆಳಗಿಟ್ಟಳು. "ಅವನಿಗೆ ಐವತ್ತೆಂಟು, ಹಾಲಿಸ್. ನಿನಗೂ ಅಷ್ಟೇ. ಇಬ್ಬರಿಗೂ ಒಂದೊಂದು ಕೋಣೆ ನೋಡ್ಲಾ?"

ಮೂಲೆಯ ಕುರ್ಚಿಯಲ್ಲಿ ಬಟಾಣಿ ಸುಲಿಯುತ್ತಿದ್ದ ಹಾಲಿಸ್‌ನ ತಾಯಿ ಅಲ್ಮಾ ಕಿಸಕ್ಕನೆ ನಕ್ಕಳು. ಎಂಬತ್ತೈದರ ಮುದುಕಿ, ಹಲ್ಲು ಹೋಗಿದ್ದರೂ ನಾಲಿಗೆ ಸಲೀಸಾಗಿಯೇ ಇತ್ತು.

ಅದೇ ವಾರ ಕಾಲೇಜಿನಿಂದ ಕಾಗದ ಬಂತು.

ಎರಡು ವರ್ಷದ ಚಿಕ್ಕ ಕಾಲೇಜು ಅದು, ಹೊಲಗಳ ಮಧ್ಯೆ. ದೊಡ್ಡ ವಿಶ್ವವಿದ್ಯಾಲಯಗಳು ನೇರವಾಗಿ ಕರೆಯದ ಹುಡುಗರು ಅಲ್ಲಿ ಎರಡು ವರ್ಷ ಅಮೆರಿಕದ ಫುಟ್‌ಬಾಲ್, ಕೈಯಲ್ಲಿ ಚೆಂಡು ಹಿಡಿದು ಓಡುವ ಆಟ, ಆಡಿ, ಯಾರಾದರೂ ಕರೆದಾರೆಯೇ ಎಂದು ದಾರಿ ಕಾಯುತ್ತಿದ್ದರು. ಹಾಲಿಸ್ ಅಲ್ಲಿ ರಿಸೀವರ್ ಆಗಿದ್ದ. ಎಸೆದ ಚೆಂಡನ್ನು ಓಡಿಹೋಗಿ ಹಿಡಿಯುವವನು. ಒಂದೇ ಪಂದ್ಯದಲ್ಲಿ ಹದಿಮೂರು ಸಲ ಹಿಡಿದ ದಾಖಲೆ ಅವನ ಹೆಸರಿನಲ್ಲಿತ್ತು. ಮೂವತ್ತೆಂಟು ವರ್ಷವಾದರೂ ಯಾರೂ ಮುರಿದಿರಲಿಲ್ಲ. ಅಕ್ಟೋಬರಿನ ಎರಡನೇ ಶನಿವಾರ, ಹಳೆಯ ವಿದ್ಯಾರ್ಥಿಗಳ ದಿನ, ಕಾಲೇಜಿನ ಹೆಸರಾಂತ ಆಟಗಾರರ ಗೋಡೆಗೆ ಅವನ ಹೆಸರು ಏರಿಸುವುದಾಗಿ ಬರೆದಿದ್ದರು.

ಮಗಳು ಲಟ್ರೀಸ್ ಕಾಗದವನ್ನು ಊಟದ ಮೇಜಿನ ಮುಂದೆ ಎರಡು ಸಲ ಓದಿದಳು. ಅವಳು ಪಕ್ಕದ ಬೀದಿಯಲ್ಲಿದ್ದಳು. ರಾತ್ರಿ ಊಟ ಮಾತ್ರ ಇಲ್ಲೇ. ಅವತ್ತು ಎಲ್ಲರೂ ಒಟ್ಟಿಗೆ ಉಣ್ಣುವ ಭಾನುವಾರವಾದ್ದರಿಂದ ಜೂನಿಯಸ್ ಕೂಡ ಮೇಜಿನ ಮುಂದಿದ್ದ.

"ಹೇಳು ಅಪ್ಪ, ಆ ಬಕೆಟ್ ಕಥೆ ಹೇಳು," ಎಂದಳು ಲಟ್ರೀಸ್.

"ನೂರು ಸಲ ಕೇಳಿದ್ದೀಯ."

"ಮಾವ ಇದ್ದಾನಲ್ಲ. ಅವನ ಮುಂದೆ ಹೇಳಿಲ್ಲ."

ಹಾಲಿಸ್ ಮೆಕ್ಕೆಜೋಳದ ಬ್ರೆಡ್ಡನ್ನು ಸೊಪ್ಪಿನ ರಸದಲ್ಲಿ ಅದ್ದಿ ಬಾಯಿಗಿಟ್ಟ. ಚರ್ಚಿನಲ್ಲಿ, ಮಿಲ್ಲಿನಲ್ಲಿ, ಕ್ಷೌರದಂಗಡಿಯಲ್ಲಿ ಹೇಳಿ ಹೇಳಿ ನಯವಾದ ಕಥೆ ಅದು. ಬಾಯಿಗೆ ತಾನಾಗಿ ಬರುತ್ತಿತ್ತು. "ಚೆಂಡು ಮೈದಾನದ ಅಂಚಿಗೆ ಬಂತು. ಕೈಗೆ ಸಿಗೋ ಹಾಗಿರಲಿಲ್ಲ. ಒಂದೇ ಕೈ ಚಾಚಿದೆ. ಬೆರಳ ತುದಿಗೆ ಸಿಕ್ತು. ಶೂ ತುದಿ ಗೆರೆ ಒಳಗಿತ್ತು, ಮೈಯೆಲ್ಲ ಹೊರಗೆ. ಹಾಗೇ ಹೋಗಿ ನಮ್ಮವರ ನೀರಿನ ಬಕೆಟ್‌ಗೆ ಬಿದ್ದೆ. ಐಸ್ ನೀರು ಪೂರ್ತಿ ಮೈಮೇಲೆ. ಇವತ್ತಿಗೂ ನೆನೆಸ್ಕೊಂಡ್ರೆ ಬೆನ್ನು ಜುಂ ಅನ್ನುತ್ತೆ."

"ಯಾವ ಕೈ?" ಎಂದು ಕೇಳಿದ ಜೂನಿಯಸ್.

"ಬಲಗೈ."

"ಹೌದು. ಬಲಗೈ," ಎಂದು ಜೂನಿಯಸ್ ಎದ್ದು ತಟ್ಟೆ ತೆಗೆದುಕೊಂಡು ಹೋದ. ಚಿಕ್ಕಂದಿನಲ್ಲಿ ಮರದಿಂದ ಬಿದ್ದು ಮುರಿದ ಅವನ ಎಡ ಮೊಣಕೈ ಕೊನೆಗೂ ನೆಟ್ಟಗಾಗಿರಲಿಲ್ಲ. ತಟ್ಟೆ ಹಿಡಿದರೆ ಆ ಮೊಣಕೈ ರೆಕ್ಕೆಯ ಹಾಗೆ ಪಕ್ಕಕ್ಕೆ ಚಾಚುತ್ತಿತ್ತು.

"ನೀನೂ ಇದ್ಯಲ್ಲಪ್ಪ ಆ ತಂಡದಲ್ಲಿ," ಅಲ್ಮಾ ಅವನ ಬೆನ್ನಿಗೆ ಹೇಳಿದಳು. "ನೀನೆಷ್ಟು ಹಿಡಿದೆ?"

"ಪೇಪರಿನಲ್ಲಿ ಸೊನ್ನೆ ಅಂತ ಬಂದಿತ್ತು, ಅಮ್ಮ," ಎಂದ ಜೂನಿಯಸ್, ನಲ್ಲಿ ತಿರುಗಿಸುತ್ತ.

ಅಲ್ಮಾ ನಕ್ಕಳು. ಹಾಲಿಸ್ ಅರ್ಧ ಉಂಡ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

ಸರಿಸಿದ್ದಕ್ಕೆ ಕಾರಣವಿತ್ತು. ಆ ಪಂದ್ಯದ ದಿನ, ಕೊನೆಯ ಭಾಗ ಶುರುವಾಗುವ ಹೊತ್ತಿಗೆ, ಹಾಲಿಸ್‌ನ ಎರಡೂ ಮೀನಖಂಡಗಳು ಹಿಡಿದುಕೊಂಡವು. ಬೆಂಚಿನ ಹಿಂದೆ ಮಲಗಿಸಿ, ಅಂಗಿ ಬಿಚ್ಚಿ, ಕಾಲು ತಿಕ್ಕಿದರು. ಆಗಲೇ ಜೂನಿಯಸ್‌ನ ಅಂಗಿಯನ್ನು ಎದುರಾಳಿಯೊಬ್ಬ ಹಿಡಿದೆಳೆದು ಭುಜದಿಂದ ಸೊಂಟದವರೆಗೆ ಹರಿದ. ಪರವೂರಿನ ಪಂದ್ಯ, ಬಡ ಕಾಲೇಜು, ಒಬ್ಬೊಬ್ಬನಿಗೆ ಒಂದೊಂದೇ ಅಂಗಿ ತಂದಿದ್ದರು. ಬಟ್ಟೆ ನೋಡಿಕೊಳ್ಳುವವನು ಹುಲ್ಲಿನ ಮೇಲಿದ್ದ ಹಾಲಿಸ್‌ನ ಹದಿನೇಳನೇ ನಂಬರಿನ ಅಂಗಿಯನ್ನೇ ಎತ್ತಿ ಜೂನಿಯಸ್‌ಗೆ ಹಾಕಿ ಒಳಗೆ ತಳ್ಳಿದ. ಮೇಲೆ ಕೂತು ಲೆಕ್ಕ ಬರೆಯುವವನಿಗೆ ಮುಖ ಕಾಣುವುದಿಲ್ಲ, ನಂಬರು ಕಾಣುತ್ತದೆ. ಹದಿನೇಳು ಹಿಡಿದ, ಹದಿನೇಳು ಹಿಡಿದ ಎಂದು ಬರೆದುಕೊಂಡ. ಒಟ್ಟು ಹದಿಮೂರು. ಹಾಲಿಸ್‌ನ ಲೆಕ್ಕದಲ್ಲಿ ಏಳು ತನ್ನವು, ಆರು ಜೂನಿಯಸ್‌ನವು.

ಪಂದ್ಯದ ಮುಂದಿನ ಮಂಗಳವಾರ, ಆಟಗಾರರನ್ನು ಆರಿಸಲು ದೊಡ್ಡ ವಿಶ್ವವಿದ್ಯಾಲಯದವನೊಬ್ಬ ಬಂದು ಕೇಳಿದ: "ಹದಿಮೂರೂ ನಿನ್ನವೇನಯ್ಯ?" ಪಕ್ಕದಲ್ಲಿದ್ದ ಕೋಚ್ ಕಿಟಕಿಯಾಚೆ ನೋಡುತ್ತ ನಿಂತ. ಹಾಲಿಸ್, "ಹೌದು ಸಾರ್," ಎಂದ. ಅಷ್ಟೇ ಮಾತು. ಅವತ್ತು ಸಂಜೆ ಹಾಸ್ಟೆಲ್ಲಿನ ಎದುರು ಮಂಚದಲ್ಲಿದ್ದ ಜೂನಿಯಸ್ ಅವನ ಕೈಕುಲುಕಿ, ಊರು ಬಿಡುವಾಗ ಬೇಕಾಗುತ್ತದೆಂದು ತನ್ನ ದೊಡ್ಡ ಚೀಲ ಕೊಟ್ಟ. ನಾಳೆ ಹೇಳೋಣ ಅಂದುಕೊಂಡ ಹಾಲಿಸ್. ಆ ನಾಳೆಗೆ ಈಗ ಮೂವತ್ತೆಂಟು ವರ್ಷ. ವಿಶ್ವವಿದ್ಯಾಲಯದಲ್ಲಿ ಒಂದೂವರೆ ವರ್ಷಕ್ಕೆ ಹಾಲಿಸ್‌ನ ಮಂಡಿ ಹೋಯಿತು. ಊರಿಗೆ ಬಂದು ಮಿಲ್ಲು ಸೇರಿದ. ಗೆಳೆಯನ ತಂಗಿಯನ್ನೇ ಮದುವೆಯಾದ. ಜೂನಿಯಸ್‌ನನ್ನು ಯಾರೂ ಕರೆಯಲಿಲ್ಲ. ಅವನು ನದಿಗೆ ಹೋದ.

ಅವನು ದೋಣಿಯ ಮೇಲಿದ್ದಷ್ಟು ವರ್ಷ ಹಾಲಿಸ್‌ಗೆ ಸುಲಭವಿತ್ತು. ಈಗ ದಿನ ಬೆಳಗಾದರೆ ಒಂದೇ ಪಾಯಿಖಾನೆಯ ಮುಂದೆ ಎದುರಾಗಬೇಕು. ತನ್ನ ಹೆಸರು ಗೋಡೆಗೆ ಏರುವ ಮೊದಲು ಈ ಮನುಷ್ಯ ಮನೆಯಿಂದ ಹೋದರೆ ಸಾಕು ಎಂದು ಹಾಲಿಸ್ ಒಳಗೊಳಗೇ ಬೇಡಿಕೊಳ್ಳುತ್ತಿದ್ದ. ಬೇಡಿಕೊಂಡು ನಾಚಿಕೊಳ್ಳುತ್ತಿದ್ದ.

ಮುಂದಿನ ವಾರ ಲಟ್ರೀಸ್ ಕಾಲೇಜಿಗೆ ಫೋನ್ ಮಾಡಿ ಆ ಪಂದ್ಯದ ಹಳೆಯ ಫಿಲ್ಮು ಕೇಳಿದಳು. ಅವರು ಅದನ್ನು ಕಂಪ್ಯೂಟರಿಗೆ ಇಳಿಸಿ ಕಳಿಸಿಯೂ ಬಿಟ್ಟರು.

"ಬೇಡ ಕಣೇ. ಏನೂ ಕಾಣಲ್ಲ ಅದರಲ್ಲಿ. ಇರುವೆ ಓಡಾಡಿದ ಹಾಗಿರುತ್ತೆ," ಎಂದ ಹಾಲಿಸ್.

"ಇರುವೆ ಆದ್ರೂ ನಮ್ಮಪ್ಪನ ಇರುವೆ ತಾನೇ," ಎಂದು ಅವಳು ಟಿವಿಗೆ ಸಿಕ್ಕಿಸಿದಳು.

ಭಾನುವಾರ ಚರ್ಚಿನಿಂದ ಬಂದು ಉಂಡಾಗಿತ್ತು. ಮೀನು ಕರಿದ ವಾಸನೆ ಇನ್ನೂ ಮನೆಯಲ್ಲಿತ್ತು. ಜೂನಿಯಸ್ ಕಸದ ಡಬ್ಬ ಎತ್ತಿಕೊಂಡು ಹಿತ್ತಲಿಗೆ ಹೋದವನು ಒಳಗೆ ಬರಲೇ ಇಲ್ಲ. ಫಿಲ್ಮಿಗೆ ಸದ್ದಿಲ್ಲ. ಆ ಕಾಲದಲ್ಲಿ ಚೆಂಡು ಆಟದಲ್ಲಿರುವಾಗ ಮಾತ್ರ ಕ್ಯಾಮೆರಾ ಓಡಿಸುತ್ತಿದ್ದರು, ಗಡಿಯಾರ, ಅಂಕ ಏನೂ ಕಾಣುವುದಿಲ್ಲ; ಒಂದಾದ ಮೇಲೊಂದು ಓಟ. ಹದಿನೇಳು ಓಡಿತು, ಹಿಡಿಯಿತು, ಬಿತ್ತು, ಮತ್ತೆ ಓಡಿತು. ಅಲ್ಮಾ ಪ್ರತಿಸಲವೂ ದೇವರ ಹೆಸರು ಹೇಳಿ ಚಪ್ಪಾಳೆ ತಟ್ಟಿದಳು. ಹಾಲಿಸ್ ಹೆಚ್ಚಾಗಿ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ಚೆಂಡು ಮೈದಾನದ ಅಂಚಿಗೆ ಬಂದಾಗ ಮಾತ್ರ ತಲೆ ಎತ್ತಿದ.

"ಇದೇ. ನೋಡಿ, ಇದೇ. ಬಕೆಟ್ ಬಿತ್ತಲ್ಲ."

ವರ್ಲೀನ್ ನೋಡಿದಳು. ನೋಡಿ, ಮಡಿಲಲ್ಲಿದ್ದ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಆಮೇಲೆ ನಲ್ಲಿಯ ಸದ್ದು ಬಹಳ ಹೊತ್ತು ಕೇಳಿತು. ಒಂದು ತಟ್ಟೆಗೆ ಅಷ್ಟು ನೀರು ಬೇಕಿರಲಿಲ್ಲ.

ಅವತ್ತಿನಿಂದ ಮನೆಯಲ್ಲಿ ಮಾತು ಕಡಿಮೆಯಾಯಿತು. ವರ್ಲೀನ್ ಬೈಯಲಿಲ್ಲ, ಮುಖ ತಿರುಗಿಸಲೂ ಇಲ್ಲ. ಬುತ್ತಿ ಕಟ್ಟಿ ಮೇಜಿನ ಮೇಲಿಡುತ್ತಿದ್ದಳು. ಮೊದಲಿನ ಹಾಗೆ ಬಾಗಿಲವರೆಗೆ ತಂದು ಕೊಡುತ್ತಿರಲಿಲ್ಲ. ಸಂಜೆ ಐದೂವರೆಗೆ ಅಣ್ಣನ ಜೊತೆ ಕೂತು ತಾನೂ ಉಣ್ಣತೊಡಗಿದಳು; ಅಲ್ಮಾ, ಲಟ್ರೀಸ್ ಕೂಡ ಆಗಲೇ ಉಂಡಿರುತ್ತಿದ್ದರು. ಹಾಲಿಸ್ ಬರುವ ಹೊತ್ತಿಗೆ ಅವನ ತಟ್ಟೆಯೊಂದೇ ಒಲೆಯ ಮೇಲೆ ಮುಚ್ಚಿಟ್ಟಿರುತ್ತಿತ್ತು. ಅವನೇ ಬಿಸಿ ಮಾಡಿಕೊಂಡು, ಗೋಡೆಯ ಮೇಲೆ ಕಟ್ಟು ಹಾಕಿಸಿಟ್ಟ ಆ ಹದಿನೇಳನೇ ನಂಬರಿನ ಅಂಗಿಯ ಎದುರು ಕೂತು ಉಣ್ಣುತ್ತಿದ್ದ. ಉಪ್ಪು ಕೊಡು ಎನ್ನಲೂ ಎದುರಿಗೆ ಜನವಿರಲಿಲ್ಲ. ಬಹಳ ಒಂಟಿ ಅನ್ನಿಸುತ್ತಿತ್ತು ಅವನಿಗೆ, ತುಂಬಿದ ಮನೆಯಲ್ಲಿ.

ಸಮಾರಂಭದ ವಾರದ ಬುಧವಾರ ಅವನೇ ಸೋತ.

"ಏನಾದ್ರೂ ಹೇಳೋದಿದ್ರೆ ಹೇಳಿಬಿಡು, ವರ್ಲೀನ್."

ಅವಳು ಇಸ್ತ್ರಿ ಮಾಡುತ್ತಿದ್ದಳು. ಶನಿವಾರಕ್ಕೆ ಅವನು ಹಾಕಿಕೊಳ್ಳಬೇಕಾದ ಬಿಳಿ ಅಂಗಿ. "ನಮ್ಮಣ್ಣ ಓಡೋದನ್ನ ನಾನು ನಾಲ್ಕು ವರ್ಷದವಳಿದ್ದಾಗಿಂದ ನೋಡಿದ್ದೀನಿ," ಎಂದಳು. "ಮುಖ ಕಾಣದಿದ್ರೂ ಗೊತ್ತಾಗುತ್ತೆ. ಆ ಮೊಣಕೈ ಒಂದು ಸಾಕು."

ಹಾಲಿಸ್ ಕುರ್ಚಿ ಎಳೆದು ಕೂತ. ಕಾಲು ಹಿಡಿದುಕೊಂಡಿದ್ದು, ಅಂಗಿ ಹರಿದಿದ್ದು, ಮಂಗಳವಾರದ ಆ ಮನುಷ್ಯ, ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ಧ್ವನಿ ತನ್ನದಲ್ಲ ಅನ್ನಿಸಿತು.

"ಎಷ್ಟು ಅವನವು?" ಎಂದಳು ವರ್ಲೀನ್.

"ಆರು. ಏಳು ನನ್ನವು."

ಇಸ್ತ್ರಿ ಪೆಟ್ಟಿಗೆ ಒಂದು ಕ್ಷಣ ನಿಂತಿತು. "ಆರು ಅಂತೀಯಾ."

"ಆರು."

"ಅವನಿಗೆ ಹೇಳಿದ್ದೀಯಾ?"

"ಅವನಿಗೆ ಗೊತ್ತಲ್ಲ."

"ಅವನಿಗೆ ಗೊತ್ತು ಅನ್ನೋದು ನನಗೂ ಗೊತ್ತು. ನೀನು ಹೇಳಿದ್ದೀಯಾ ಅಂತ ಕೇಳಿದೆ."

ವರ್ಲೀನ್ ಅಂಗಿಯ ಕಾಲರ್ ತಿರುಗಿಸಿ ಇನ್ನೊಂದು ಸಲ ಇಸ್ತ್ರಿ ಹಾಕಿದಳು.

"ಮಂಡಿ ಮುರ್ಕೊಂಡು ಬಂದವನನ್ನ ಮದುವೆಯಾದೆ," ಎಂದಳು. "ಅದಕ್ಕೆ ಇವತ್ತಿಗೂ ಬೇಜಾರಿಲ್ಲ. ಆದ್ರೆ ನಮ್ಮಣ್ಣನ್ನ ನನ್ನ ಮನೆಯಿಂದ ಕಳಿಸೋಕೆ ನೋಡ್ತಿದ್ಯಲ್ಲ, ಅವನು ಬೆಳಗ್ಗೆ ಬೇಗ ಏಳ್ತಾನೆ ಅಂತಲ್ಲ ಅದು. ಅದು ತಿಳಿದ ಮೇಲೆ ಹೇಗೆ ನಿನ್ನ ಎದುರು ಕೂತು ಉಣ್ಣಲಿ ಹೇಳು."

ಮಾರನೆಯ ದಿನ ಮಿಲ್ಲಿನಲ್ಲಿ ಯಂತ್ರ ಕೆಟ್ಟು ಹಾಲಿಸ್ ಮಧ್ಯಾಹ್ನವೇ ಬಂದ. ಹಿಂದಿನ ಮೆಟ್ಟಿಲ ಮೇಲೆ ಜೂನಿಯಸ್ ಅಕ್ರೋಟಿನಂಥ ಪೆಕಾನ್ ಕಾಯಿ ಒಡೆಯುತ್ತ ಕೂತಿದ್ದ, ಅಲ್ಮಾಳ ಸಿಹಿತಿಂಡಿಗೆ. ಹಾಲಿಸ್ ಪಕ್ಕದಲ್ಲಿ ಕೂತು ತಾನೂ ಎರಡು ಒಡೆದ. ಹೇಳಿಬಿಡಬೇಕು ಎಂದೇ ಕೂತಿದ್ದು.

"ಈ ವರ್ಷ ಕಾಯಿ ಸಣ್ಣ," ಎಂದ.

"ಹೂಂ. ಮಳೆ ಕಡಿಮೆ."

"ನದಿಯೂ ಇಳಿದಿದೆಯಂತೆ."

"ಇಳಿದಿದೆ. ದೋಣಿಗಳು ಮರಳಿಗೆ ಸಿಕ್ಕೊಂಡಿವೆ. ಆಫೀಸಿನವರು ಫೋನ್ ಮಾಡಿದ್ರು, ಒಬ್ಬ ಆಳು ಕಡಿಮೆ ಇದ್ದಾನಂತೆ. ಒಂದು ಸುತ್ತು ಬಾ ಅಂದ್ರು."

"ಏನಂದೆ?"

"ಬರ್ತೀನಿ ಅಂದೆ. ಶನಿವಾರ ಬೆಳಗ್ಗೆ ಆರಕ್ಕೆ ವ್ಯಾನು ಬರುತ್ತೆ."

"ಶನಿವಾರನಾ?"

"ಹೂಂ."

ಹಾಲಿಸ್‌ನ ಎದೆಯ ಮೇಲಿಂದ ಮೂಟೆ ಇಳಿದ ಹಾಗಾಯಿತು. ಮರುಕ್ಷಣವೇ, ಇಳಿದಿದ್ದಕ್ಕೆ ಅಳು ಬರುವ ಹಾಗಾಯಿತು. ಬೇಡಿಕೊಂಡಿದ್ದು ಸಿಕ್ಕಿತ್ತು. "ಒಂದು ದಿನ ತಡೆದು ಹೋಗ್ಬೋದಲ್ಲ," ಎಂದ, ಜೂನಿಯಸ್‌ಗೆ ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ.

"ಪಾಳಿ ಯಾರಿಗೂ ಕಾಯಲ್ಲ," ಎಂದು ಜೂನಿಯಸ್ ಒಡೆದ ಕಾಯಿಯ ಬಟ್ಟಲನ್ನು ಅವನ ಕಡೆ ಸರಿಸಿದ. "ತಿನ್ನು."

ಶನಿವಾರ ಆರಕ್ಕೆ ವ್ಯಾನು ಬಂತು. ಹಾಲಿಸ್ ಎದ್ದು ಬರುವಷ್ಟರಲ್ಲಿ ವರ್ಲೀನ್ ಬಾಗಿಲಲ್ಲಿ ಒಬ್ಬಳೇ ನಿಂತಿದ್ದಳು. ಜೂನಿಯಸ್ ಉಂಡ ತಟ್ಟೆ ತೊಳೆದು ಕಪಾಟಿನಲ್ಲಿತ್ತು, ಇನ್ನೂ ಒದ್ದೆ. ಹಿಂದಿನ ಕೋಣೆಯ ಹಾಸಿಗೆ ಯಾರೂ ಮಲಗಿಯೇ ಇಲ್ಲವೇನೋ ಅನ್ನುವ ಹಾಗೆ ಮಡಿಸಿಟ್ಟಿತ್ತು.

ಕಾಲೇಜಿನ ಊಟದ ಸಭಾಂಗಣದಲ್ಲಿ ಒಂಬತ್ತಕ್ಕೆ ಉಪಾಹಾರ. ಗೋಡೆಗೆ ಏರುವವರು ನಾಲ್ಕು ಜನ. ಒಬ್ಬೊಬ್ಬರಿಗೆ ಎರಡೆರಡು ನಿಮಿಷ ಮಾತು. ಹಾಲಿಸ್ ಮೂರನೆಯವನು. ಎದ್ದು ಹೋಗಿ ಮೈಕು ಹಿಡಿದ.

"ಅವತ್ತು ಹದಿಮೂರರಲ್ಲಿ ಆರು ನಾನು ಹಿಡಿದಿದ್ದಲ್ಲ," ಎಂದ. "ಜೂನಿಯಸ್ ಅಂತ, ನನ್ನ ಜೊತೆಗಾರ, ಅವನು ಹಿಡಿದದ್ದು. ಅಂಗಿ ಮಾತ್ರ ನನ್ನದಿತ್ತು. ಆ ದಾಖಲೆ ನನ್ನದಲ್ಲ. ಇದನ್ನ ನಾನು ಆವತ್ತೇ ಹೇಳ್ಬೇಕಿತ್ತು."

ಹಿಂದಿನ ಮೇಜಿನಿಂದ ಯಾರೋ, "ನೋಡ್ರಪ್ಪ, ಇವನು ಅಂಥ ಮನುಷ್ಯ," ಎಂದರು. ಇನ್ನೊಬ್ಬರು ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ಎದ್ದು ನಿಂತು ತಟ್ಟಿದರು. ದೊಡ್ಡ ಮನಸ್ಸಿನವನು ತನ್ನ ಹೆಸರನ್ನು ಗೆಳೆಯನಿಗೆ ಹಂಚುತ್ತಿದ್ದಾನೆ ಅಂದುಕೊಂಡರು, ಪಾಪ.

"ಇಲ್ಲ, ನಾನು ಹೇಳ್ತಿರೋದು ನಿಜ," ಎಂದ ಹಾಲಿಸ್.

"ಗೊತ್ತು, ಗೊತ್ತು," ಎಂದು ಕಾಲೇಜಿನ ಮುಖ್ಯಸ್ಥ ಅವನ ಭುಜ ತಟ್ಟಿ ಮೈಕು ತೆಗೆದುಕೊಂಡ. "ಒಂದು ತಂಡ ಅಂದ್ರೆ ಹೀಗಿರ್ಬೇಕು."

ಮಧ್ಯಾಹ್ನ ಪಂದ್ಯದ ನಡುವೆ ಅವನನ್ನು ಮೈದಾನದ ಮಧ್ಯಕ್ಕೆ ಕರೆದು ಗೌರವದ ಫಲಕ ಕೊಟ್ಟರು. ಹದಿಮೂರು ಎಂದು ಅದರಲ್ಲಿ ಕೊರೆದಿತ್ತು. ಬ್ಯಾಂಡಿನವರು ಕಾಯುತ್ತಿದ್ದಾರೆ, ಬೇಗ ನಗಿ ಎಂದರು ಫೋಟೋದವರು. ನಕ್ಕ. ಸುತ್ತ ಮೂರು ಸಾವಿರ ಜನ ಕೂಗುತ್ತಿದ್ದರು, ಅವರಲ್ಲಿ ಅವನ ಬೆಳಗಿನ ಮಾತು ಕೇಳಿಸಿಕೊಂಡವರು ಬೆರಳೆಣಿಕೆಯಷ್ಟೇ. ವರ್ಲೀನ್ ಪ್ರೇಕ್ಷಕರ ಮೆಟ್ಟಿಲ ಮೇಲೆ ಕೈಕಟ್ಟಿ ಕೂತಿದ್ದಳು. ಅವಳ ಪಕ್ಕದ ಜಾಗ ಖಾಲಿ.

ಭಾನುವಾರ ಅಲ್ಮಾ ಬೆಳಗಿನಿಂದ ಗೊಣಗಿದಳು. "ನನ್ನ ಮಗ ಊರೆದುರು ನಿಂತು ತಾನು ಕಳ್ಳ ಅಂದ. ಪುಣ್ಯಕ್ಕೆ ಯಾರೂ ನಂಬಲಿಲ್ಲ."

"ನಾನು ನಂಬಿದೆ, ಅಜ್ಜಿ," ಎಂದಳು ಲಟ್ರೀಸ್, ಅಪ್ಪನ ಕಡೆ ನೋಡದೆ. ಆಮೇಲೆ ಎದ್ದು ಬಂದು ಅಪ್ಪನ ಲೋಟಕ್ಕೆ ಚಹಾ ಬಗ್ಗಿಸಿದಳು.

ಹನ್ನೊಂದೂವರೆಗೆ ವರ್ಲೀನ್ ಮೇಜಿಗೆ ಬಟ್ಟಲು ತಂದಿಟ್ಟಳು. ಆ ಹೊತ್ತಿಗೆ ದೋಣಿಯಲ್ಲೂ ಊಟ ಎಂದು ಹಾಲಿಸ್‌ಗೆ ಗೊತ್ತಿತ್ತು. ಅಡುಗೆಮನೆಯಲ್ಲೇ ನಿಂತು ಫೋನ್ ಮಾಡಿದ. ಆಚೆಯಿಂದ ಎಂಜಿನ್ನಿನ ಸದ್ದು, ಚಮಚದ ಸದ್ದು.

"ಹೇಳಿದೆ, ಜೂನಿಯಸ್. ಎಲ್ಲರ ಮುಂದೆ ಹೇಳಿದೆ."

"ಏನಂದ್ರು?"

"ಚಪ್ಪಾಳೆ ತಟ್ಟಿದ್ರು. ನಂಬಲಿಲ್ಲ."

ಜೂನಿಯಸ್ ಅಗಿಯುವುದು ಕೇಳಿಸಿತು. "ಎಷ್ಟು ಅಂದೆ?"

"ಆರು."

ಜೂನಿಯಸ್ ಆತುರವಿಲ್ಲದೆ ಹೇಳತೊಡಗಿದ. "ಮೊದಲನೇದು ಎಡಗಡೆ, ಚಿಕ್ಕದು. ಎರಡನೇದು ಮಧ್ಯೆ, ಅವರ ದಪ್ಪನೆಯವನು ಬಂದು ಗುದ್ದಿದ. ಮೂರು, ನಾಲ್ಕು ಬಲಗಡೆ, ಒಂದರ ಹಿಂದೆ ಒಂದು. ಐದನೇದು ಬಿದ್ದೇಹೋಯ್ತು ಅನ್ನೋಷ್ಟರಲ್ಲಿ ಮಂಡಿಯೂರಿ ಹಿಡಿದೆ. ಆರನೇದು ಗೋಲಿನ ಹತ್ತಿರ. ಏಳನೇದು ಬಕೆಟ್ ಹತ್ತಿರದ್ದು."

"ಅದು ನನ್ನದು, ಜೂನಿಯಸ್. ಬಕೆಟ್ಟಿನದು ನನ್ನದು. ಆ ನೀರು ಮೈಮೇಲೆ..."

"ನೀನು ಬಕೆಟ್ ಪಕ್ಕ ಮಲಗಿದ್ದೆ. ನಾನು ಬಂದು ಬಿದ್ದೆ, ನೀರೆಲ್ಲ ನಿನ್ನ ಮೇಲೆ ಚೆಲ್ತು. ನೀನು ಎದ್ದು ಕೂತು ನಕ್ಕೆ. ನಾನೂ ನಕ್ಕೆ." ತಟ್ಟೆ ಎತ್ತಿದ ಸದ್ದಾಯಿತು. "ಹನ್ನೆರಡಕ್ಕೆ ನನ್ನ ಪಾಳಿ. ಇಡ್ತೀನಿ."

ಹಾಲಿಸ್ ಫೋನನ್ನು ಮೇಜಿನ ಮೇಲಿಟ್ಟ. ವರ್ಲೀನ್ ಬ್ರೆಡ್ಡು ಕೊಯ್ಯುತ್ತಿದ್ದಳು.

"ಏಳು ಅಂದ," ಎಂದ ಹಾಲಿಸ್.

"ಏಳೇ. ಆವತ್ತು ಟಿವಿ ಮುಂದೆ ನಾನೂ ಎಣಿಸಿದೆ."

"ನನಗೆ ಹೇಳಲಿಲ್ಲ ನೀನು."

"ನೀನಾಗಿ ಅಲ್ಲಿಗೆ ಬರ್ತೀಯೇನೋ ಅಂತ ಕಾದೆ." ಅವಳು ಚಾಕು ಕೆಳಗಿಟ್ಟು ಅವನನ್ನು ನೋಡಿದಳು. ಆ ನೋಟದಲ್ಲಿ ಕೋಪವಿರಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. "ನಮ್ಮಣ್ಣನ ಎಡಗೈ ಚಾಚಲ್ಲ, ಹಾಲಿಸ್. ಅದಕ್ಕೆ ಅವನು ಒಂದೇ ಕೈಯಲ್ಲಿ ಹಿಡಿದ. ನಿನಗೆ ಎರಡೂ ಕೈ ಸರಿಯಾಗಿದ್ವಲ್ಲ. ಒಂದೇ ಕೈ ಯಾಕೆ ಚಾಚಿದೆ ಅಂತ ಇಷ್ಟು ವರ್ಷದಲ್ಲಿ ಒಂದು ಸಲವೂ ಯೋಚಿಸಲಿಲ್ವಾ?"

ಅವಳು ಬ್ರೆಡ್ಡಿನ ತಟ್ಟೆ ಎತ್ತಿಕೊಂಡು ಊಟದ ಮೇಜಿಗೆ ಹೋದಳು. ಹಾಲಿಸ್ ಅಡುಗೆಮನೆಯ ಮಧ್ಯೆ ನಿಂತು ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ನೋಡಿದ. ಎರಡೂ ಪೂರ್ತಿ ಚಾಚಿಕೊಂಡವು.